ಮೇಲಿರಬೇಕಾದ ಅಂಕಿ ಕೆಳಗೆ ಬಿದ್ದಾಗ

ಸಂಪಾದಕರಿಗೆ ನಮಸ್ಕಾರ.

ದೂರು ಬರೆಯುವ ಅಭ್ಯಾಸ ನನಗಿಲ್ಲ. ಚರಂಡಿ, ಬೀದಿದೀಪ, ಫುಟ್‌ಪಾತ್ ಬಗ್ಗೆ ಬರೆಯುವವರು ನಮ್ಮ ಬಡಾವಣೆಯಲ್ಲೇ ನಾಲ್ಕು ಜನ ಇದ್ದಾರೆ. ನನ್ನ ದೂರು ಒಂದು ಸಂಖ್ಯೆಯ ಬಗ್ಗೆ. ಪತ್ರ ಉದ್ದವಾಗುತ್ತದೆ. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಕತ್ತರಿಸಿ, ಆದರೆ ಕೊನೆಯ ಕೋರಿಕೆಯನ್ನು ಮಾತ್ರ ಬಿಡಬೇಡಿ.

ಎರಡು ಭಾನುವಾರಗಳ ಹಿಂದೆ ಮಕ್ಕಳ ಪುಟದ ಕೆಳಗಡೆ ಬಾಕ್ಸ್ ಮಾಡಿ ಒಂದು ಸುದ್ದಿ ಹಾಕಿದ್ದಿರಿ. 'ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ' ಅಂತ ತಲೆಬರಹ. ಅವಿಭಾಜ್ಯ ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗ ಹೋಗದ ಸಂಖ್ಯೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಸಂಖ್ಯೆ ಅಚ್ಚಾಗಿತ್ತು: 2136279841-1. ನಾನು ಕತ್ತರಿ ತಂದು ನೀಟಾಗಿ ಕತ್ತರಿಸಿ ಮೊಮ್ಮಗಳಿಗೆ ಕೊಟ್ಟೆ. ಅವಳು ಎಂಟನೇ ಕ್ಲಾಸು. ಶಾಲೆಯಲ್ಲಿ ಗಣಿತದ ಚಾರ್ಟ್ ಮಾಡಿ ತರಲು ಹೇಳಿದ್ದರು. 'ಇದನ್ನೇ ಬರಿ, ಯಾರೂ ಬರೆದಿರಲ್ಲ' ಅಂದೆ. ಅವಳು ಕೆಂಪು ಸ್ಕೆಚ್ ಪೆನ್ನಿನಲ್ಲಿ ಎರಡು ಇಂಚು ಎತ್ತರಕ್ಕೆ ಬರೆದಳು.

ಸೋಮವಾರ ಸಂಜೆ ಮನೆಗೆ ಬಂದವಳು ಬ್ಯಾಗ್ ಮೂಲೆಗೆ ಎಸೆದಳು. ಬೋಂಡಾ ಬೇಡ ಅಂದಳು. ಬೋಂಡಾ ಬೇಡ ಅಂದರೆ ವಿಷಯ ದೊಡ್ಡದು. ಆಮೇಲೆ ಗೊತ್ತಾಯಿತು. ಚಾರ್ಟ್ ತೋರಿಸುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಮಿಸ್, ಒಂದು ಕಳೆದರೆ ಕೊನೆಗೆ ಸೊನ್ನೆ ಬರುತ್ತೆ, ಹತ್ತರಿಂದ ಭಾಗ ಹೋಗುತ್ತೆ' ಅಂದನಂತೆ. ಇಡೀ ಕ್ಲಾಸು ನಕ್ಕಿತಂತೆ.

'ನಿನ್ನ ಪೇಪರ್ ಸುಳ್ಳು ಬರೆದಿದೆ, ತಾತ' ಅಂದಳು.

ನನಗೆ ಇದು ಯಾಕೆ ಚುಚ್ಚಿತು ಅಂತ ಹೇಳಬೇಕು. ನಾನು 1972ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಬಳೇಪೇಟೆಯ ಗಲ್ಲಿಯ ಒಂದು ಅಚ್ಚುಕೂಟಕ್ಕೆ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸಲು ಸೇರಿದವನು. ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂದು ನಮ್ಮ ಮೊಳೆಯ ಕೇಸುಗಳನ್ನೆಲ್ಲ ಸೀಸದ ತೂಕಕ್ಕೆ ಮಾರುವವರೆಗೂ ಅದೇ ಕೆಲಸ. ನಮ್ಮಲ್ಲಿ ಬರುತ್ತಿದ್ದದ್ದು ಮದುವೆ ಕಾಗದ, ಬಿಲ್ ಪುಸ್ತಕ, ಮತ್ತೆ ಹೈಸ್ಕೂಲಿನ ಗಣಿತ, ವಿಜ್ಞಾನದ ಗೈಡುಗಳು. ಗಣಿತ ಬಂದರೆ ಉಳಿದ ಹುಡುಗರು ಜಾರಿಕೊಳ್ಳುತ್ತಿದ್ದರು. ಅದು ನನ್ನ ಪಾಲಿಗೆ ಬೀಳುತ್ತಿತ್ತು.

ಗಣಿತದಲ್ಲಿ ಕಷ್ಟದ್ದು ಈ ಮೇಲಿನ ಸಣ್ಣ ಅಂಕಿ. 12 ಪಾಯಿಂಟ್ (ಪಾಯಿಂಟ್ ಅಂದರೆ ಅಕ್ಷರದ ಅಳತೆ) ಸಾಲಿನಲ್ಲಿ 6 ಪಾಯಿಂಟ್‌ನ ಅಂಕಿಯನ್ನು ಮೇಲೆ ಕೂರಿಸಬೇಕು. ಕೆಳಗೆ ಜಾಗ ತುಂಬಲು 6 ಪಾಯಿಂಟ್‌ನ ಖಾಲಿ ಮೊಳೆ ಹಾಕಬೇಕು. ಚಿಮಟದಲ್ಲಿ ಹಿಡಿದು, ಉಸಿರು ಬಿಗಿ ಹಿಡಿದು ಕೂರಿಸಬೇಕು. ಸ್ವಲ್ಪ ಸಡಿಲ ಇದ್ದರೆ ಪ್ರೂಫ್ ತೆಗೆಯುವಾಗ ಅಂಕಿ ಮಲಗಿಬಿಡುತ್ತಿತ್ತು. ಯಜಮಾನರು ಪ್ರೂಫ್ ನೋಡಿ, 'ಮೇಲಿನವನು ಕೆಳಗೆ ಬಿದ್ದಿದ್ದಾನೆ ನೋಡೋ' ಅಂತ ಕೂಗುತ್ತಿದ್ದರು.

ನಿಮ್ಮ ಪುಟದಲ್ಲೂ ಆಗಿರುವುದು ಅದೇ. ಸಾಲಿನಲ್ಲಿ 2 ಮಾತ್ರ ನಿಲ್ಲಬೇಕಿತ್ತು. 136279841 ಅದರ ಹೆಗಲ ಮೇಲೆ ಸಣ್ಣದಾಗಿ ಕೂರಬೇಕಿತ್ತು. ಅಷ್ಟು ಎರಡುಗಳನ್ನು ಒಂದಕ್ಕೊಂದು ಗುಣಿಸಬೇಕು ಅಂತ ಅದರ ಅರ್ಥ. ಎಲ್ಲೋ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಆ ಅಂಕಿ ಹೆಗಲಿನಿಂದ ಜಾರಿ 2ರ ಪಕ್ಕ ಬಂದು ನಿಂತಿದೆ. ಸೀಸದ ಕಾಲದಲ್ಲಿ ಮೊಳೆ ಬಿದ್ದರೆ ಟಣ್ ಅಂತ ಸದ್ದಾದರೂ ಆಗುತ್ತಿತ್ತು.

ಈಗ ನೀವು ಅಚ್ಚು ಹಾಕಿದ್ದರ ಅರ್ಥ ಏನಾಯಿತು ನೋಡಿ. ಒಂದು ಕಳೆದರೆ 2136279840. ಅಂದರೆ 213 ಕೋಟಿ 62 ಲಕ್ಷ 79 ಸಾವಿರದ 840. ಮೊಬೈಲ್ ನಂಬರಿನಷ್ಟೇ ಉದ್ದ. ಆ ಹಿಂದಿನ ಬೆಂಚಿನ ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಇನ್ನೊಂದು ತಮಾಷೆ ಇದೆ. ಆಯ್ಲರ್ ಎಂಬ ಗಣಿತಜ್ಞ 1772ರಲ್ಲಿ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿದ್ದ ಕಾಲದಲ್ಲಿ, 2147483647 ಅವಿಭಾಜ್ಯ ಅಂತ ತೋರಿಸಿದ. ಅದು 214 ಕೋಟಿ ಚಿಲ್ಲರೆ. ನೀವು ಹಾಕಿದ 'ಜಗತ್ತಿನ ಅತಿ ದೊಡ್ಡ' ಸಂಖ್ಯೆ 250 ವರ್ಷ ಹಳೆಯ ಆ ಸಂಖ್ಯೆಗಿಂತ ಒಂದು ಕೋಟಿ ಕಮ್ಮಿ!

ಅದರ ಕೆಳಗೇ 'ಇದರಲ್ಲಿ 41 ಲಕ್ಷ ಅಂಕಿಗಳಿವೆ' ಅಂತ ಬರೆದಿದ್ದೀರಿ. ಮೇಲೆ ಹತ್ತು ಅಂಕಿ, ಕೆಳಗೆ 41 ಲಕ್ಷ. ಪುಟ ನೋಡಿದವರು ಒಂದು ಸಲ ಎಣಿಸಬಾರದಿತ್ತಾ? ಅದೂ 41 ಲಕ್ಷ ಅಲ್ಲ. 41 ಮಿಲಿಯನ್. ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ. ಸರಿಯಾದ ಲೆಕ್ಕ 4 ಕೋಟಿ 10 ಲಕ್ಷ 24 ಸಾವಿರದ 320 ಅಂಕಿ. ಮಿಲಿಯನ್ ಅನ್ನು ಲಕ್ಷ ಮಾಡುವ ಈ ತಪ್ಪು ನಿಮ್ಮದೊಂದೇ ಅಲ್ಲ, ಕನ್ನಡದ ಎಲ್ಲ ಪತ್ರಿಕೆಗಳಲ್ಲೂ ನಾನು ನೋಡಿದ್ದೇನೆ. ಬಜೆಟ್ ಸುದ್ದಿಯಲ್ಲೂ ಹೀಗೇ ಮಾಡಿದರೆ ದೇವರೇ ಗತಿ.

ಆ 4 ಕೋಟಿ ಅಂಕಿ ಎಷ್ಟು ಅಂತ ನನಗೆ ನನ್ನ ಕೆಲಸದಿಂದಲೇ ಅಂದಾಜು ಮಾಡಲು ಬರುತ್ತದೆ. 12 ಪಾಯಿಂಟ್ ಅಂಕಿಯ ಮೊಳೆಯ ಅಗಲ ಅದರ ಅರ್ಧ, 6 ಪಾಯಿಂಟ್. ಒಂದು ಇಂಚಿಗೆ 12 ಅಂಕಿ ಕೂರುತ್ತವೆ. ಈ ಸಂಖ್ಯೆಯನ್ನು ಒಂದೇ ಸಾಲಿನಲ್ಲಿ ಜೋಡಿಸಿದರೆ ಸುಮಾರು 87 ಕಿಲೋಮೀಟರ್ ಆಗುತ್ತದೆ. ಮೆಜೆಸ್ಟಿಕ್ಕಿನಲ್ಲಿ ಮೊದಲ ಮೊಳೆ ಇಟ್ಟು ಮೈಸೂರು ರೈಲು ಹಳಿಯ ಪಕ್ಕದಲ್ಲೇ ಜೋಡಿಸುತ್ತಾ ಹೋದರೆ ರಾಮನಗರ, ಚನ್ನಪಟ್ಟಣ ದಾಟಿ, ಮದ್ದೂರಿನಲ್ಲಿ ವಡೆ ತಿಂದು, ಇನ್ನೂ ಮಂಡ್ಯದ ಕಡೆ ಹೊರಟಿರಬೇಕು. ಜೋರಾಗಿ ಓದಲು ಹೊರಟರೆ, ಸೆಕೆಂಡಿಗೆ ಒಂದು ಅಂಕಿಯಂತೆ, ಊಟ ನಿದ್ದೆ ಇಲ್ಲದೆ 475 ದಿನ ಬೇಕು.

ಇಷ್ಟು ದೊಡ್ಡದರ ಕೊನೆಯ ಅಂಕಿ ಯಾವುದು ಅಂತ ಮಾತ್ರ ಪೆನ್ಸಿಲ್ಲಿನಲ್ಲೇ ಹೇಳಬಹುದು. ಇದು ನನಗೆ ಬಹಳ ಇಷ್ಟವಾದ ಸಂಗತಿ. 2ನ್ನು ದುಪ್ಪಟ್ಟು ಮಾಡುತ್ತಾ ಹೋಗಿ. 2, 4, 8, 16, 32, 64. ಕೊನೆಯ ಅಂಕಿ 2, 4, 8, 6 ಅಂತ ಸುತ್ತುತ್ತಲೇ ಇರುತ್ತದೆ. ನಾಲ್ಕರ ಸುತ್ತು. 136279841ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಕೊನೆಗೆ 2. ಅದರಲ್ಲಿ ಒಂದು ಕಳೆದರೆ 1. ಕೊನೆಯ ಎರಡು ಅಂಕಿಗೆ ಇಪ್ಪತ್ತರ ಸುತ್ತು ಇದೆ. ಅದೇ ರೀತಿ ಮಾಡಿದರೆ 51 ಬರುತ್ತದೆ. ಮೊಮ್ಮಗಳು ಇದನ್ನು ನನಗಿಂತ ಬೇಗ ಮಾಡಿದಳು. ನಾವು ಮಂಡ್ಯದ ದಾರಿಯಲ್ಲಿ ಇಡಬೇಕಾದ ಕೊನೆಯ ಎರಡು ಮೊಳೆಗಳು ಇಲ್ಲಿ ಶ್ರೀನಗರದ ನಮ್ಮ ಮನೆಯ ಜಗಲಿಯಲ್ಲೇ ಸಿಕ್ಕವು. ಮೊದಲ ಅಂಕಿ 8.

ಇದನ್ನೆಲ್ಲ ನನಗೆ ತಿಳಿಸಿಕೊಟ್ಟವರು ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರು. ಬೆಳಿಗ್ಗೆ ಬ್ಯೂಗಲ್ ರಾಕ್ ಪಾರ್ಕಿಗೆ ಇಬ್ಬರೂ ವಾಕಿಂಗ್ ಹೋಗುತ್ತೇವೆ. ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ವಾಕಿಂಗ್ ನಿಂತುಹೋಗಿ ಬೆಂಚಿನ ಮೇಲೆ ಕೂರುವುದೇ ಜಾಸ್ತಿಯಾಯಿತು.

ಅವರು ಹೇಳಿದ್ದನ್ನು ನಾನು ಮೊಮ್ಮಗಳಿಗೆ ಚೌಕಾಬಾರದ ಮಣೆ ಇಟ್ಟು ತೋರಿಸಿದೆ. ಐದು ಸಾಲು, ಸಾಲಿಗೆ ಐದು ಮನೆ. ಮೊದಲ ಮನೆಗೆ ಒಂದು ರಾಗಿ ಕಾಳು. ಎರಡನೆಯದಕ್ಕೆ 2, ಮೂರನೆಯದಕ್ಕೆ 4, ಆಮೇಲೆ 8, 16. ಒಂದು ಸಾಲು ಮುಗಿಯಿತು. ಕೂಡಿಸಿದರೆ 31. ಐದು ಎರಡುಗಳನ್ನು ಗುಣಿಸಿದರೆ 32, ಅದಕ್ಕಿಂತ ಒಂದು ಕಮ್ಮಿ. ಯಾವ ಮನೆಯಲ್ಲಿ ನಿಲ್ಲಿಸಿದರೂ ಒಟ್ಟು ಕಾಳು ಹೀಗೇ, ಮುಂದಿನ ಮನೆಗಿಂತ ಒಂದು ಕಮ್ಮಿ. ನಿಮ್ಮ ಸುದ್ದಿಯ ಸಂಖ್ಯೆ ಅಂದರೆ 13 ಕೋಟಿ 62 ಲಕ್ಷ 79 ಸಾವಿರದ 841 ಮನೆಗಳಿರುವ ಮಣೆಯ ಒಟ್ಟು ರಾಗಿ. ಅವಿಭಾಜ್ಯ ಅಂದರೆ ಆ ರಾಗಿಯನ್ನು ಎಷ್ಟೇ ಜನ ಬಂದರೂ ಸಮನಾಗಿ ಹಂಚಿಕೊಳ್ಳಲು ಆಗುವುದಿಲ್ಲ. ಒಬ್ಬನೇ ಪೂರ್ತಿ ಹೊತ್ತುಕೊಂಡು ಹೋಗಬೇಕು, ಇಲ್ಲವೇ ತಲೆಗೊಂದು ಕಾಳು.

ಮನೆಗಳ ಎಣಿಕೆಯೇ ಭಾಗವಾಗುವಂಥದ್ದಾದರೆ ಆಟ ಅಲ್ಲಿಗೇ ಮುಗಿಯಿತು. ಇದನ್ನು ಚೌಕಾಬಾರ ಕಣ್ಣಿಗೆ ಕಟ್ಟಿದ ಹಾಗೆ ತೋರಿಸುತ್ತದೆ. 25 ಮನೆ, ಐದೈದರ ಐದು ಸಾಲು. ಮೊದಲ ಸಾಲಿನಲ್ಲಿ 31 ಕಾಳು. ಎರಡನೆಯ ಸಾಲಿನ ಪ್ರತಿ ಮನೆಯೂ ಅದರ ಮೇಲಿನ ಮನೆಯ 32 ಪಟ್ಟು. ಹಾಗಾಗಿ ಎರಡನೆಯ ಸಾಲು 31ರ 32 ಪಟ್ಟು. ಮೂರನೆಯದು ಅದರ 32 ಪಟ್ಟು. ಎಲ್ಲ ಸಾಲೂ 31ರ ಮಗ್ಗಿಯಲ್ಲೇ ಬರುತ್ತದೆ. ಒಟ್ಟು 3 ಕೋಟಿ 35 ಲಕ್ಷ 54 ಸಾವಿರದ 431 ಕಾಳನ್ನು ಎಣಿಸದೆಯೇ '31 ಜನಕ್ಕೆ ಸಮ ಹಂಚಬಹುದು' ಅಂತ ಹೇಳಬಹುದು. ಆದ್ದರಿಂದ ಮನೆಗಳ ಎಣಿಕೆ ತಾನೂ ಅವಿಭಾಜ್ಯ ಆಗಿರಲೇಬೇಕು. 136279841 ಅವಿಭಾಜ್ಯವೇ.

ಆದರೆ ಅಷ್ಟೇ ಸಾಲದು. 11 ಮನೆ ತಗೊಳ್ಳಿ. 2047 ಕಾಳು. ನೋಡಲು ಒಳ್ಳೆಯ ಅವಿಭಾಜ್ಯದ ಕಳೆ ಇದೆ. ಆದರೆ 23 ಗುಣಿಸು 89 ಅಂದರೆ 2047.

ಈ ಜಾತಿಯ ಸಂಖ್ಯೆಗಳಿಗೆ ಮರ್ಸೆನ್ ಎಂಬ ಫ್ರಾನ್ಸಿನ ಸನ್ಯಾಸಿಯ ಹೆಸರಿದೆ. 1644ರಲ್ಲಿ ಆತ ಒಂದು ಪಟ್ಟಿ ಅಚ್ಚು ಮಾಡಿಸಿದ. ಎಷ್ಟೆಷ್ಟು ಮನೆಗೆ ನಿಲ್ಲಿಸಿದರೆ ಅವಿಭಾಜ್ಯ ಬರುತ್ತದೆ ಅಂತ. 257ರವರೆಗಿನ ಪಟ್ಟಿ. ಅದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿದ್ದವು. 67 ತಪ್ಪು ಅಂತ ಗೊತ್ತಾಗಲು 1876ರವರೆಗೆ ಕಾಯಬೇಕಾಯಿತು. ಲೂಕಾಸ್ ಎಂಬ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ತೋರಿಸಿದ. ಅಚ್ಚಾದ ತಪ್ಪಿಗೆ 232 ವರ್ಷ ಆಯಸ್ಸು! ಮೇಷ್ಟ್ರು ಇನ್ನೊಂದು ಮಾತು ಹೇಳಿದರು. 67 ಅಂತ ಇದ್ದದ್ದು 61ರ ಬದಲು ಬಿದ್ದ ಅಚ್ಚಿನ ತಪ್ಪಿರಬಹುದು ಅಂತ ಊಹಿಸಿದವರೂ ಇದ್ದಾರಂತೆ. ಯಾಕೆಂದರೆ 61 ಮನೆಯದು ನಿಜಕ್ಕೂ ಅವಿಭಾಜ್ಯ ಅಂತ 1883ರಲ್ಲಿ ಸಾಬೀತಾಯಿತು. ಕೇಳಿ ನನಗೆ ನಗು ಬಂತು. ಎಲ್ಲ ಕಾಲದಲ್ಲೂ, ಎಲ್ಲ ದೇಶದಲ್ಲೂ ಕೊನೆಗೆ ಮೊಳೆ ಜೋಡಿಸುವವನ ತಲೆಗೇ ಕಟ್ಟುತ್ತಾರೆ.

67ರದ್ದು ತಪ್ಪು ಅಂತ ಗೊತ್ತಾದರೂ ಅದು ಯಾವ ಯಾವ ಸಂಖ್ಯೆಯ ಗುಣಲಬ್ಧ ಅಂತ ಗೊತ್ತಿರಲಿಲ್ಲ. ಇದೇ ವಿಚಿತ್ರ. ಒಡೆಯುತ್ತದೆ ಅಂತ ಖಾತ್ರಿ, ಎಲ್ಲಿ ಒಡೆಯುತ್ತದೆ ಅಂತ ಗೊತ್ತಿಲ್ಲ. 1903ರಲ್ಲಿ ನ್ಯೂಯಾರ್ಕಿನ ಒಂದು ಸಭೆಯಲ್ಲಿ ಕೋಲ್ ಎಂಬ ಪ್ರೊಫೆಸರ್ ಅದನ್ನು ಬೋರ್ಡಿನ ಮೇಲೆ ತೋರಿಸಿದ. 193707721ನ್ನು 761838257287ರಿಂದ ಗುಣಿಸಬೇಕು. ಒಂದೂ ಮಾತಾಡದೆ ಗುಣಿಸಿ ಹೋಗಿ ಕೂತ ಅಂತ ಹೇಳುವುದುಂಟು. ನಾನೂ ಮೊಮ್ಮಗಳೂ ಆ ಗುಣಾಕಾರವನ್ನು ಲಾಂಗ್ ಬುಕ್ಕಿನಲ್ಲಿ ಮಾಡಿದೆವು. ಮೊದಲ ಸಲ ದಶಕ ಒಯ್ಯುವುದರಲ್ಲಿ ನಾನೇ ತಪ್ಪಿದೆ. ಎರಡನೇ ಸಲ ಕರೆಂಟ್ ಹೋಯಿತು. ಮೂರನೇ ಸಲ ಸರಿ ಬಂತು: 147573952589676412927. ಆ ಪುಟಕ್ಕೆ ಅವಳು ತಾನೇ ರೈಟ್ ಹಾಕಿಕೊಂಡಳು. ಗುಣಿಸಲು ನಮಗೆ ಒಂದು ಸಂಜೆ ಸಾಕಾಯಿತು, ಒಡೆಯಲು ಲೋಕಕ್ಕೆ 259 ವರ್ಷ ಬೇಕಾಯಿತು.

ಈಗ ಮೇಷ್ಟ್ರು ಕಲಿಸಿದ ಪರೀಕ್ಷೆ. ಲೂಕಾಸ್ ಶುರು ಮಾಡಿದ್ದು, 1930ರಲ್ಲಿ ಲೆಹ್ಮರ್ ಎಂಬ ಅಮೆರಿಕದವರು ಪೂರ್ತಿ ಮಾಡಿದ್ದು. 4ರಿಂದ ಶುರು ಮಾಡಿ. ಅದನ್ನು ಅದರಿಂದಲೇ ಗುಣಿಸಿ 2 ಕಳೆಯಿರಿ. ಬಂದದ್ದನ್ನು ನಿಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ಅದೇ. ಮನೆಗಳ ಎಣಿಕೆಗಿಂತ ಎರಡು ಕಮ್ಮಿ ಸಲ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ. ಏಳು ಮನೆಯ 127ಕ್ಕೆ ಮಾಡಿದೆವು: 4, 14, 67, 42, 111, ಸೊನ್ನೆ. ಸ್ಲೇಟಿನ ಮೇಲೆ ಆ ಸೊನ್ನೆ ಬಂದಾಗ ಅವಳ ಮುಖ ನೋಡಬೇಕಿತ್ತು. ಹನ್ನೊಂದು ಮನೆಯ 2047ಕ್ಕೂ ಮಾಡಿದೆವು. ಒಂಬತ್ತು ಸಲ ಮಾಡಿದ ಮೇಲೆ 1736 ಉಳಿಯಿತು, ಸೊನ್ನೆ ಬರಲಿಲ್ಲ. 23, 89ರ ಸುದ್ದಿಯೇ ಇಲ್ಲದೆ ಇದು ಅವಿಭಾಜ್ಯ ಅಲ್ಲ ಅಂತ ತೀರ್ಮಾನವಾಯಿತು.

'ಕ್ಲಾಸಿನಲ್ಲಿ ಸೊನ್ನೆ ಬಂತು ಅಂತ ನಕ್ಕರು, ಇಲ್ಲಿ ಸೊನ್ನೆ ಬಂದರೇನೇ ಗೆದ್ದ ಹಾಗೆ' ಅಂದಳು. ಅವತ್ತು ಬೋಂಡಾ ತಿಂದಳು.

ನಿಮ್ಮ ಸುದ್ದಿಯ ಸಂಖ್ಯೆಗೆ ಇದೇ ಪರೀಕ್ಷೆಯನ್ನು 13 ಕೋಟಿ 62 ಲಕ್ಷ 79 ಸಾವಿರದ 839 ಸಲ ಮಾಡಬೇಕು. ಪ್ರತಿ ಸಲವೂ 4 ಕೋಟಿ ಅಂಕಿಯ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು. ಕಂಡುಹಿಡಿದವರ ಹೆಸರನ್ನು ನೀವು ಸರಿಯಾಗಿಯೇ ಹಾಕಿದ್ದೀರಿ, ಅದಕ್ಕೆ ಶಹಬ್ಬಾಸ್. ಲೂಕ್ ಡ್ಯುರಾಂಟ್, ಅಮೆರಿಕದ ಸ್ಯಾನ್ ಹೋಸೆಯವರು. ಆಗ 36 ವಯಸ್ಸು. ಹಿಂದೆ ಎನ್‌ವಿಡಿಯಾ ಎಂಬ ಚಿಪ್ ಕಂಪನಿಯಲ್ಲಿ ಕೆಲಸ ಮಾಡಿದ್ದವರು. 17 ದೇಶಗಳಲ್ಲಿ ಹರಡಿದ್ದ ಬಾಡಿಗೆ ಕಂಪ್ಯೂಟರುಗಳನ್ನು ಸೇರಿಸಿ ಹುಡುಕಿದರು. 2024ರ ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಯಂತ್ರ 'ಇದು ಅವಿಭಾಜ್ಯ ಇದ್ದ ಹಾಗಿದೆ' ಅಂದಿತು. ಮಾರನೇ ದಿನ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಯಂತ್ರ ಮೇಲೆ ಹೇಳಿದ ಪರೀಕ್ಷೆ ಮಾಡಿ ಖಚಿತ ಮಾಡಿತು. ಪ್ರೂಫ್ ಇಬ್ಬರು ನೋಡಬೇಕು ಅನ್ನುವ ನಿಯಮ ಅವರಲ್ಲೂ ಇದೆ ಅಂತಾಯಿತು.

ನೀವು ಬಿಟ್ಟದ್ದು ಅವರ ಹಿಂದಿರುವ ಜನರನ್ನು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ ಗಿಂಪ್ಸ್ ಎಂಬ ಕೂಟ ಅದು. ಯಾರು ಬೇಕಾದರೂ ಮನೆಯ ಕಂಪ್ಯೂಟರಿನಲ್ಲಿ ಅವರ ಪ್ರೋಗ್ರಾಂ ಹಾಕಿಕೊಂಡು ಹುಡುಕಬಹುದು. ಇದಕ್ಕೆ ಮುಂಚಿನ ದಾಖಲೆ 2018ರದ್ದು, ಸುಮಾರು ಎರಡೂವರೆ ಕೋಟಿ ಅಂಕಿ. ಹತ್ತು ಕೋಟಿ ಅಂಕಿ ದಾಟಿದ ಅವಿಭಾಜ್ಯ ಕಂಡುಹಿಡಿದವರಿಗೆ ಅಮೆರಿಕದ ಇಎಫ್‌ಎಫ್ ಎಂಬ ಸಂಸ್ಥೆ ಒಂದೂವರೆ ಲಕ್ಷ ಡಾಲರ್ ಬಹುಮಾನ ಬೇರೆ ಇಟ್ಟಿದೆ. ಸಾಫ್ಟ್‌ವೇರ್ ಊರು ಅಂತ ಎದೆ ತಟ್ಟಿಕೊಳ್ಳುವ ಬೆಂಗಳೂರಿನ ಪತ್ರಿಕೆ ಈ ಮಾತನ್ನು ಮಕ್ಕಳಿಗೆ ಹೇಳಬೇಡವೇ?

ಇನ್ನು ನಿಮ್ಮ ತಲೆಬರಹ. 'ಜಗತ್ತಿನ ಅತಿ ದೊಡ್ಡ' ಅಲ್ಲ. 'ಈಗ ಗೊತ್ತಿರುವುದರಲ್ಲಿ ಅತಿ ದೊಡ್ಡ'. ಎರಡಕ್ಕೂ ಅಜಗಜಾಂತರ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಅಂತ ಯೂಕ್ಲಿಡ್ 2300 ವರ್ಷದ ಹಿಂದೆಯೇ ಹೇಳಿಬಿಟ್ಟ. ನಿಮ್ಮ ಹತ್ತಿರ ಇರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡಿಸಿ. ಬಂದದ್ದನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿಲ್ಲದ ಒಂದು ಅವಿಭಾಜ್ಯ ಎಲ್ಲೋ ಇರಲೇಬೇಕು. ಕೂಡಿಸಿ ಬಂದದ್ದೇ ಅವಿಭಾಜ್ಯ ಅಂತ ಮಾತ್ರ ಬರೆದುಬಿಡಬೇಡಿ. 2, 3, 5, 7, 11, 13 ಗುಣಿಸಿ ಒಂದು ಕೂಡಿಸಿದರೆ 30031. ಅದು 59 ಗುಣಿಸು 509. ಮರ್ಸೆನ್ ಜಾತಿಯವು ಇಲ್ಲಿಯವರೆಗೆ ಸಿಕ್ಕಿರುವುದು 52. ಆ ಜಾತಿಯವಕ್ಕೂ ಕೊನೆಯಿಲ್ಲವೇ ಅನ್ನುವುದು ಇನ್ನೂ ಯಾರೂ ಬಿಡಿಸದ ಪ್ರಶ್ನೆ.

'ಇಂಥ ಸಂಖ್ಯೆಗಳಿಂದಲೇ ನಿಮ್ಮ ಬ್ಯಾಂಕ್ ಹಣ ಭದ್ರ' ಅಂತ ಕೊನೆಯ ಸಾಲು. ಇದನ್ನು ಓದಿ ನಮ್ಮ ಹಾಲಿನ ಬೂತಿನವನು, 'ಆ ನಂಬರ್ ಪೇಪರಿನಲ್ಲೇ ಹಾಕಿಬಿಟ್ಟಿದ್ದಾರಲ್ಲ ಸಾರ್, ಇನ್ನು ನಮ್ಮ ಯುಪಿಐ ಗತಿ ಏನು?' ಅಂತ ಕೇಳಿದ. ಹೆದರಬೇಡಪ್ಪಾ ಅಂದೆ. ಅವಿಭಾಜ್ಯ ಸಂಖ್ಯೆಗಳಿಂದ ಬೀಗ ಮಾಡುತ್ತಾರೆ ಅನ್ನುವುದು ನಿಜ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಕಂಡುಕೊಂಡ ಉಪಾಯ ಅದು. ಎರಡು ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಬಹಿರಂಗವಾಗಿ ಇಡುತ್ತಾರೆ, ಎರಡನ್ನೂ ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ. ನಮ್ಮ ಲಾಂಗ್ ಬುಕ್ಕಿನ ಕಥೆಯೇ. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಆದರೆ ಅದಕ್ಕೆ ಮುನ್ನೂರು ಚಿಲ್ಲರೆ ಅಂಕಿಯ ಅವಿಭಾಜ್ಯಗಳು ಸಾಕು. ಗುಟ್ಟಾಗಿರಬೇಕು, ಅಷ್ಟೇ. ಊರಿಗೆಲ್ಲ ಗೊತ್ತಿರುವ 4 ಕೋಟಿ ಅಂಕಿಯ ಸಂಖ್ಯೆ ಬಾಗಿಲಿಗೇ ನೇತುಹಾಕಿದ ಬೀಗದ ಕೈ ಇದ್ದ ಹಾಗೆ. ಯಾರಿಗೂ ಉಪಯೋಗವಿಲ್ಲ.

ಮತ್ತೆ ಯಾಕೆ ಹುಡುಕುತ್ತಾರೆ? ಇದನ್ನು ನಾನೂ ಮೇಷ್ಟ್ರನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ನಮ್ಮ ಊರಲ್ಲೇ ಹುಟ್ಟಿದ ಶಕುಂತಲಾ ದೇವಿ 1977ರಲ್ಲಿ ಡಲ್ಲಾಸ್‌ನಲ್ಲಿ 201 ಅಂಕಿಯ ಸಂಖ್ಯೆಯ 23ನೇ ಮೂಲವನ್ನು (ಯಾವ ಸಂಖ್ಯೆಯನ್ನು 23 ಸಲ ಬರೆದು ಗುಣಿಸಿದರೆ ಅದು ಬರುತ್ತದೋ ಅದನ್ನು) 50 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ತೆಗೆದಿದ್ದನ್ನು ನೆನಪಿಸಿದರು. 'ಅದರಿಂದ ಯಾರ ಮನೆಗೆ ನೀರು ಬಂತು? ಆದರೂ ಐವತ್ತು ವರ್ಷದಿಂದ ಹೇಳಿಕೊಳ್ಳುತ್ತಿದ್ದೀವಲ್ಲ' ಅಂದರು.

ಇಷ್ಟಕ್ಕೂ ಈ ವಿಷಯದಲ್ಲಿ ನೀವು ಯಾರನ್ನಾದರೂ ಕೇಳಬಹುದಿತ್ತು. ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಇದೆ. ಮೈಸೂರು ರಸ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇದೆ. ಯಾವುದೇ ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಅಂತ ಖಚಿತವಾಗಿ, ಬೇಗ ಹೇಳುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಅವರಲ್ಲಿ ಕಯಾಲ್ ಆಮೇಲೆ ಸಂಶೋಧನೆ ಮಾಡಲು ಬಂದದ್ದು ನಮ್ಮ ಬೆಂಗಳೂರಿಗೇ. ಸುದ್ದಿಯಲ್ಲಿ ಅದರ ಸೊಲ್ಲೇ ಇಲ್ಲ.

ಮೊಮ್ಮಗಳಿಗೆ ಈಗ ಹೊಸ ಹುಚ್ಚು ಹಿಡಿದಿದೆ. ಆಟೋದಲ್ಲಿ ಹೋಗುವಾಗ ಮಿನರ್ವ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯ ನಂಬರ್ ಪ್ಲೇಟ್ ನೋಡಿ ಅವಿಭಾಜ್ಯವೋ ಅಲ್ಲವೋ ಅಂತ ಲೆಕ್ಕ ಹಾಕುವುದು. ನಾಲ್ಕು ಅಂಕಿಯ ನಂಬರಿಗೆ 97ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವು ಇರುವುದು 25. ನಮ್ಮ ಊರಿನ ಸಿಗ್ನಲ್ಲುಗಳಲ್ಲಿ 25 ಭಾಗಾಕಾರಕ್ಕೆ ಧಾರಾಳ ಟೈಮ್ ಸಿಗುತ್ತದೆ. ಹೋದ ವಾರ ಒಂದು ಟೆಂಪೋ ಹಿಂದೆ 8191 ಕಂಡು ಕಿರುಚಿದಳು. 13 ಮನೆಯ ರಾಗಿ. ನಾಲ್ಕು ಅಂಕಿಯಲ್ಲಿ ಮರ್ಸೆನ್ ಅವಿಭಾಜ್ಯ ಅದೊಂದೇ. ಆಟೋದವನು ಏನೋ ಆಯಿತು ಅಂತ ಬ್ರೇಕ್ ಹಾಕಿದ.

ಈಗ ನನ್ನ ಕೋರಿಕೆ. ಅದೇ ಮಕ್ಕಳ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. 'ವಿಷಾದಿಸುತ್ತೇವೆ' ಅಂತೆಲ್ಲ ಉದ್ದ ಬೇಡ. ಸಂಖ್ಯೆಯನ್ನು ಸರಿಯಾಗಿ, 2ರ ಹೆಗಲ ಮೇಲೆ ಸಣ್ಣ ಅಂಕಿ ಕೂರಿಸಿ, ಆಮೇಲೆ 1 ಕಳೆದು ಹಾಕಿ. ಪುಟ ಅಚ್ಚಿಗೆ ಹೋಗುವ ಮುಂಚೆ ಕಾಗದದ ಮೇಲೆ ಒಂದು ಪ್ರೂಫ್ ತೆಗೆದು ಕಣ್ಣಿಂದ ನೋಡಿ. ನಿಮ್ಮ ಕಂಪ್ಯೂಟರ್ ಮತ್ತೆ ಹಟ ಮಾಡಿದರೆ ಮಾತಿನಲ್ಲೇ ಬರೆಯಿರಿ: 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದ ಸಂಖ್ಯೆ. ನಾನೂ ಈ ಪತ್ರದಲ್ಲಿ ಎಲ್ಲೂ ಮೇಲಿನ ಅಂಕಿ ಬಳಸಿಲ್ಲ, ಗಮನಿಸಿರಬಹುದು. ನಿಮ್ಮ ಮೇಲೆ ಅಷ್ಟು ನಂಬಿಕೆ ಇನ್ನೂ ಬಂದಿಲ್ಲ.

ಮೊಮ್ಮಗಳು ಚಾರ್ಟಿನ ಆ ಕೆಂಪು ಸಂಖ್ಯೆಯ ಮೇಲೆ ಬಿಳಿ ಹಾಳೆ ಅಂಟಿಸಿ ಜಾಗ ಖಾಲಿ ಇಟ್ಟಿದ್ದಾಳೆ. ತಾನೇ ಬರೆಯಬಹುದು, ಆದರೆ ಬರೆಯುವುದಿಲ್ಲವಂತೆ. ಪೇಪರಿನಲ್ಲಿ ಬಂದದ್ದನ್ನೇ ಅಂಟಿಸಿ ಆ ಹುಡುಗನಿಗೆ ತೋರಿಸಬೇಕಂತೆ. ಅಗಲ ಎರಡು ಕಾಲಂ ಮೀರದ ಹಾಗೆ ನೋಡಿಕೊಳ್ಳಿ. ಚಾರ್ಟನ್ನು ಶಾಲೆಗೆ ವಾಪಸ್ ಕೊಡಬೇಕಾದದ್ದು ಈ ತಿಂಗಳ ಕೊನೆಗೆ.

ಇಂತಿ ನಿಮ್ಮ ಓದುಗ,
ನಿವೃತ್ತ ಕಂಪೋಸಿಟರ್,
ಶ್ರೀನಗರ, ಬೆಂಗಳೂರು